ಅಮ್ಮ ಓಡಿಸಿ ತೋರಿಸಿದ ಕಾರು

ಕಾರಿಗೆ ಪೆಟ್ರೋಲ್ ಹಾಕಿಸಲು ಎಲ್ಲಿಗೆ ಹೋಗಬೇಕು? ಪೆಟ್ರೋಲ್ ಬಂಕಿಗೆ ಎಂದು ಒಂದನೇ ಕ್ಲಾಸಿನ ಮಗುವೂ ಹೇಳುತ್ತದೆ. ಆದರೆ ಜಗತ್ತಿನಲ್ಲಿ ಇನ್ನೂ ಒಂದೇ ಒಂದು ಪೆಟ್ರೋಲ್ ಬಂಕ್ ಕೂಡ ಇಲ್ಲದಿದ್ದ ದಿನಗಳಲ್ಲಿ? ಆಗ ಹೋಗಬೇಕಾಗಿದ್ದದ್ದು ಔಷಧಿ ಅಂಗಡಿಗೆ!

1888ರ ಆಗಸ್ಟ್ ತಿಂಗಳ ಒಂದು ದಿನ. ಜರ್ಮನಿಯ ವೀಸ್‌ಲೋಖ್ ಎಂಬ ಸಣ್ಣ ಊರಿನ ಔಷಧಿ ಅಂಗಡಿಯ ಮುಂದೆ ಮೂರು ಚಕ್ರದ ಗಾಡಿಯೊಂದು ಬಂದು ನಿಂತಿತು. ಗಾಡಿಯ ಮುಂದೆ ಕುದುರೆ ಇರಲಿಲ್ಲ. ಅದರಿಂದ 39 ವರ್ಷದ ಒಬ್ಬ ತಾಯಿ, ಜೊತೆಗೆ ಅವರ ಇಬ್ಬರು ಗಂಡುಮಕ್ಕಳು ಇಳಿದರು. ಅವರು ಕೇಳಿದ್ದು ಮಾತ್ರೆಯನ್ನಲ್ಲ, ಕಷಾಯವನ್ನಲ್ಲ. ಬಟ್ಟೆಯ ಮೇಲಿನ ಕಲೆ ತೆಗೆಯಲು ಆ ಕಾಲದ ಜನ ಬಳಸುತ್ತಿದ್ದ ಲಿಗ್ರೋಯಿನ್ ಎಂಬ ದ್ರವವನ್ನು. ಕಲ್ಲೆಣ್ಣೆಯಿಂದ ತೆಗೆದ ಆ ದ್ರವವೇ ಅವರ ಗಾಡಿಯ ಇಂಧನ. ಅದನ್ನು ತುಂಬಿಸಿಕೊಂಡು ಮೂವರೂ ಮುಂದೆ ಹೊರಟರು. ಆ ಔಷಧಿ ಅಂಗಡಿಯನ್ನು ಇಂದು ಜಗತ್ತಿನ ಮೊದಲ ಪೆಟ್ರೋಲ್ ಬಂಕ್ ಎಂದು ಕರೆಯುತ್ತಾರೆ.

ಆ ತಾಯಿಯ ಹೆಸರು ಬರ್ತಾ ಬೆಂಜ್. ಹೌದು, ಅದೇ ಬೆಂಜ್!

ಇಂದು ರಸ್ತೆಯಲ್ಲಿ ಮೂರು ಕವಲಿನ ನಕ್ಷತ್ರ ಹೊತ್ತ ಕಾರು ಹಾದುಹೋದರೆ ಮಕ್ಕಳು ಕತ್ತು ಹೊರಳಿಸಿ ನೋಡುತ್ತಾರೆ. ದೊಡ್ಡವರು ಅದರ ಬೆಲೆ ಎಷ್ಟಿರಬಹುದೆಂದು ಲೆಕ್ಕ ಹಾಕುತ್ತಾರೆ. ಸಿರಿವಂತಿಕೆಗೆ ಇನ್ನೊಂದು ಹೆಸರೇ ಮರ್ಸಿಡಿಸ್ ಬೆಂಜ್ ಎಂಬಂತಾಗಿದೆ. ಆದರೆ ನನಗೆ ಆ ಕಂಪನಿಯ ಕತೆಯಲ್ಲಿ ಹಿಡಿಸಿದ್ದು ಬೆಲೆಯೂ ಅಲ್ಲ, ಹೊಳಪೂ ಅಲ್ಲ. ಯಾರೂ ನಂಬದ ಒಂದು ಯಂತ್ರವನ್ನು ಒಬ್ಬ ತಾಯಿ ನಂಬಿ ಓಡಿಸಿದ್ದು, ಓಡಿಸುತ್ತ ಅದರ ತಪ್ಪುಗಳನ್ನು ಒಂದೊಂದಾಗಿ ಹುಡುಕಿದ್ದು, ಆ ತಪ್ಪುಗಳನ್ನು ತಿದ್ದುತ್ತ ತಿದ್ದುತ್ತ ಕಾರು ಇಂದಿನ ಕಾರಾದದ್ದು. ಆ ಕತೆಯನ್ನು ಅಜ್ಜ ಅಜ್ಜಿಯರೂ ಮೊಮ್ಮಕ್ಕಳೂ ಒಟ್ಟಿಗೆ ಕೂತು ಓದಬಹುದು.

ಮದುವೆಯ ಹಣ, ಕಾರ್ಖಾನೆಯ ಪಾಲು

ಕಾರ್ಲ್ ಬೆಂಜ್ ಹುಟ್ಟಿದ್ದು 1844ರಲ್ಲಿ. ತಂದೆ ರೈಲು ಎಂಜಿನ್ ಓಡಿಸುವವರು. ಮಗು ಎರಡು ವರ್ಷದ್ದಾಗಿದ್ದಾಗಲೇ ಅವರು ತೀರಿಕೊಂಡರು. ತಾಯಿ ಕಷ್ಟಪಟ್ಟು ಮಗನನ್ನು ಎಂಜಿನಿಯರಿಂಗ್ ಓದಿಸಿದರು. ಹಳಿಯ ಮೇಲೆ ಓಡುವ ಉಗಿಬಂಡಿಯಂತೆ, ಹಳಿಯೂ ಇಲ್ಲದೆ ಕುದುರೆಯೂ ಇಲ್ಲದೆ ರಸ್ತೆಯ ಮೇಲೆ ತಾನಾಗಿ ಓಡುವ ಗಾಡಿಯೊಂದನ್ನು ಮಾಡಬೇಕೆಂಬ ಆಸೆ ಕಾರ್ಲ್ ತಲೆಯಲ್ಲಿ ಹೊಕ್ಕಿತ್ತು.

ಬರ್ತಾ ರಿಂಗರ್ ಹುಟ್ಟಿದ್ದು 1849ರಲ್ಲಿ, ಫೋರ್ಟ್ಸ್‌ಹೈಮ್ ಎಂಬ ಊರಿನ ಅನುಕೂಲಸ್ಥ ಬಡಗಿ ಮತ್ತು ಕಟ್ಟಡ ಗುತ್ತಿಗೆದಾರರ ಮನೆಯಲ್ಲಿ. ಆ ಕಾಲದಲ್ಲಿ ಹೆಣ್ಣುಮಕ್ಕಳಿಗೆ ಕಾಲೇಜಿನ ಬಾಗಿಲು ಮುಚ್ಚಿತ್ತು. ಆದರೆ ಯಂತ್ರಗಳೆಂದರೆ ಬರ್ತಾಗೆ ಕುತೂಹಲ. ಕಾರ್ಲ್ ತನ್ನ ಕನಸಿನ ಗಾಡಿಯ ಬಗ್ಗೆ ಹೇಳಿದಾಗ ಆಕೆ ನಗಲಿಲ್ಲ, ಕಿವಿಗೊಟ್ಟು ಕೇಳಿದರು. ಅಷ್ಟೇ ಅಲ್ಲ, ಕಾರ್ಲ್ ಆಗಲೇ ಶುರು ಮಾಡಿದ್ದ ಕಾರ್ಖಾನೆ ಪಾಲುದಾರನ ಕಾಟದಿಂದ ಮುಳುಗುವಂತಿದ್ದಾಗ, ತನ್ನ ವರದಕ್ಷಿಣೆಯ ಹಣವನ್ನು ಮದುವೆಗೆ ಮೊದಲೇ ಕೊಡಿ ಎಂದು ತಂದೆಯನ್ನು ಕೇಳಿ ಪಡೆದು ಅದನ್ನು ಉಳಿಸಿಕೊಟ್ಟರು. 1872ರಲ್ಲಿ ಅವರ ಮದುವೆಯಾಯಿತು.

ಮುಂದಿನ ವರ್ಷಗಳು ಸುಲಭದ್ದಾಗಿರಲಿಲ್ಲ. ಮಕ್ಕಳು ಹುಟ್ಟಿದರು, ಸಾಲ ಬೆಳೆಯಿತು. 1879ರ ಕೊನೆಯ ರಾತ್ರಿ ಊಟ ಮುಗಿದ ಮೇಲೆ, ಕಾರ್ಖಾನೆಗೆ ಹೋಗಿ ಇನ್ನೊಮ್ಮೆ ಪ್ರಯತ್ನಿಸೋಣ ಎಂದವರು ಬರ್ತಾ. ಅಷ್ಟು ದಿನ ಮುಷ್ಕರ ಹೂಡಿದ್ದ ಎಂಜಿನ್ ಅಂದು ತಾಳಬದ್ಧವಾಗಿ ಓಡತೊಡಗಿತು. ಇಬ್ಬರೂ ಅದನ್ನು ಕೇಳುತ್ತ ನಿಂತಿದ್ದಾಗ ಹೊಸ ವರ್ಷದ ಚರ್ಚ್ ಗಂಟೆಗಳು ಮೊಳಗಿದವು.

1886ರ ಜನವರಿ 29ರಂದು ಕಾರ್ಲ್ ಬೆಂಜ್ ತಮ್ಮ ಮೂರು ಚಕ್ರದ ಮೋಟಾರು ಗಾಡಿಗೆ ಪೇಟೆಂಟ್ ಅರ್ಜಿ ಹಾಕಿದರು. ಪೇಟೆಂಟ್ ಸಂಖ್ಯೆ 37435. ಅದನ್ನು ಕಾರಿನ ಜನ್ಮಪತ್ರಿಕೆ ಎನ್ನುತ್ತಾರೆ. ಅದರ ಶಕ್ತಿ ಎಷ್ಟು ಗೊತ್ತೆ? ಮುಕ್ಕಾಲು ಅಶ್ವಶಕ್ತಿ. ಒಂದು ಇಡೀ ಕುದುರೆಯೂ ಇಲ್ಲ! ವೇಗ ಗಂಟೆಗೆ ಸುಮಾರು 16 ಕಿಲೋಮೀಟರ್. ಇಂದು ಹೈಸ್ಕೂಲ್ ಹುಡುಗ ಸೈಕಲ್ ತುಳಿದರೆ ಅದನ್ನು ಹಿಂದೆ ಹಾಕಬಲ್ಲ. 2011ರಲ್ಲಿ ಯುನೆಸ್ಕೊ ಸಂಸ್ಥೆ ಆ ಪೇಟೆಂಟ್ ಪತ್ರವನ್ನು ಜಗತ್ತಿನ ಅಮೂಲ್ಯ ದಾಖಲೆಗಳ ಪಟ್ಟಿಗೆ ಸೇರಿಸಿತು. ಆ ಪತ್ರದಲ್ಲಿ ಬರ್ತಾ ಹೆಸರಿಲ್ಲ.

ಅಜ್ಜಿ ಮನೆಗೆ ಸವಾರಿ

ಗಾಡಿ ಸಿದ್ಧವಾಯಿತು. ಕೊಳ್ಳುವವರು ಮಾತ್ರ ಬರಲಿಲ್ಲ. ಮಾನ್‌ಹೈಮ್ ಊರಿನ ರಸ್ತೆಯಲ್ಲಿ ಒಂದೆರಡು ಸುತ್ತು ಹಾಕಿ ನಿಲ್ಲುವ, ಸದ್ದು ಮಾಡುವ, ಹೊಗೆ ಬಿಡುವ ಈ ಆಟಿಕೆ ಯಾರಿಗೆ ಬೇಕು? ಕುದುರೆ ಸಾಲದೆ? ಕಾರ್ಲ್ ಬೆಂಜ್ ಒಳ್ಳೆಯ ಎಂಜಿನಿಯರ್, ಆದರೆ ಎಲ್ಲವೂ ಸರಿಯಾಗುವ ತನಕ ಹೊರಗೆ ತೋರಿಸಲು ಹಿಂಜರಿಯುವ ಸ್ವಭಾವದವರು. ಮನೆಯ ಹಣವೆಲ್ಲ ಆ ಗಾಡಿಯಲ್ಲಿ ಮುಳುಗಿತ್ತು. ಇನ್ನು ಸುಮ್ಮನಿದ್ದರೆ ಎಲ್ಲವೂ ಮುಗಿಯುತ್ತದೆ ಎಂಬುದು ಬರ್ತಾಗೆ ತಿಳಿದಿತ್ತು.

ಶಾಲೆಗೆ ಬೇಸಿಗೆ ರಜೆ ಬಂತು. ರಜೆಯೆಂದರೆ ಮಕ್ಕಳು ಹೋಗುವುದು ಅಜ್ಜಿಯ ಮನೆಗೆ ತಾನೆ? ಬರ್ತಾ ತಾಯಿ ಇದ್ದದ್ದು ಫೋರ್ಟ್ಸ್‌ಹೈಮ್‌ನಲ್ಲಿ, ಮಾನ್‌ಹೈಮ್‌ನಿಂದ ಸುಮಾರು 105 ಕಿಲೋಮೀಟರ್ ದೂರ. ರೈಲಿನಲ್ಲಿ ಹೋಗಬಹುದಿತ್ತು. ಬರ್ತಾ ರೈಲು ಬಿಟ್ಟರು. 15 ವರ್ಷದ ಯೂಜೆನ್, 13 ವರ್ಷದ ರಿಚರ್ಡ್ ಇಬ್ಬರನ್ನೂ ಗುಟ್ಟಿನಲ್ಲಿ ಸೇರಿಸಿಕೊಂಡು, ಕಾರ್ಲ್ ಇನ್ನೂ ಮಲಗಿರುವಾಗಲೇ ಬೆಳಗಿನ ಜಾವ ಗಾಡಿ ಹೊರಡಿಸಿಬಿಟ್ಟರು. ಅಲ್ಲಿಯವರೆಗೆ ಯಾರೂ ಮೋಟಾರು ಗಾಡಿಯಲ್ಲಿ ಅಷ್ಟು ದೂರ ಹೋಗಿರಲಿಲ್ಲ. ದಾರಿಫಲಕವಿಲ್ಲ, ಮೆಕ್ಯಾನಿಕ್ ಇಲ್ಲ, ಡಾಂಬರು ರಸ್ತೆಯೂ ಇಲ್ಲ. ಕುದುರೆಗಾಡಿಯ ಚಕ್ರಗಳು ಕೊರೆದ ಮಣ್ಣಿನ ದಾರಿ ಅಷ್ಟೆ.

ತೊಂದರೆಗಳು ಸಾಲಾಗಿ ಬಂದವು. ಇಂಧನದ ಕೊಳವೆಯಲ್ಲಿ ಕಸ ಸಿಕ್ಕಿಕೊಂಡಿತು. ಬರ್ತಾ ತಮ್ಮ ಟೋಪಿಗೆ ಚುಚ್ಚಿದ್ದ ಉದ್ದನೆಯ ಪಿನ್ ತೆಗೆದು ಕೊಳವೆ ಚುಚ್ಚಿ ಸರಿಮಾಡಿದರು. ಸೀಮೆಎಣ್ಣೆ ಪಂಪ್ ಸ್ಟೋವ್ ಹೊತ್ತಿಸಿ ಅಡುಗೆ ಮಾಡಿದ ಅಜ್ಜಿಯರಿಗೆ ಇದು ಕೂಡಲೇ ಅರ್ಥವಾಗುತ್ತದೆ. ಬರ್ನರ್ ಕಟ್ಟಿಕೊಂಡಾಗ ಸ್ಟೋವ್ ಪಿನ್ ಹಾಕಿ ಚುಚ್ಚುತ್ತಿದ್ದಿರಲ್ಲ, ಅದೇ ವಿದ್ಯೆ! ಕಿಡಿ ಹೊತ್ತಿಸುವ ತಂತಿಯ ಹೊದಿಕೆ ಸವೆದು ವಿದ್ಯುತ್ ಸೋರತೊಡಗಿದಾಗ, ಕಾಲುಚೀಲ ಜಾರದಂತೆ ಕಟ್ಟುವ ಪಟ್ಟಿಯನ್ನು ಬಿಚ್ಚಿ ತಂತಿಗೆ ಸುತ್ತಿದರು. ಚಕ್ರ ತಿರುಗಿಸುವ ಚೈನು ಸಡಿಲವಾದಾಗ ಕಮ್ಮಾರನೊಬ್ಬ ಸಹಾಯ ಮಾಡಿದ.

ಎಂಜಿನ್ ಬಿಸಿಯಾಗಿ ಅದನ್ನು ತಂಪು ಮಾಡುವ ನೀರು ಕುದ್ದು ಆವಿಯಾಗಿ ಹೋಗುತ್ತಿತ್ತು. ಹೀಗಾಗಿ ಬಾವಿ, ಹೋಟೆಲು, ತೊರೆ ಕಂಡಲ್ಲೆಲ್ಲ ನಿಲ್ಲಿಸಿ ನೀರು ತುಂಬಿಸಬೇಕಾಯಿತು. ಏರು ಬಂದರೆ ಗಾಡಿ ಸುಸ್ತಾಗುತ್ತಿತ್ತು. ಆಗ ಮಕ್ಕಳು ಇಳಿದು ತಳ್ಳಬೇಕು. ಇಳಿಜಾರು ಬಂದರೆ ಇನ್ನೂ ಕಷ್ಟ. ಮರದ ಬ್ರೇಕು ಉಜ್ಜಿ ಉಜ್ಜಿ ಸವೆಯುತ್ತಿತ್ತು. ಬೌಷ್ಲೋಟ್ ಎಂಬ ಹಳ್ಳಿಯಲ್ಲಿ ಬರ್ತಾ ಚಮ್ಮಾರನೊಬ್ಬನನ್ನು ಹುಡುಕಿ, ಬ್ರೇಕಿನ ಮರದ ತುಂಡುಗಳಿಗೆ ಚರ್ಮದ ಪಟ್ಟಿ ಹೊಡೆಸಿದರು. ಬ್ರೇಕ್ ಲೈನಿಂಗ್ ಎಂದು ಇಂದು ಮೆಕ್ಯಾನಿಕ್‌ಗಳು ಕರೆಯುವ ವಸ್ತು ಹುಟ್ಟಿದ್ದು ಹೀಗೆ.

ಕತ್ತಲಾಗುವ ಹೊತ್ತಿಗೆ ಧೂಳಿನಲ್ಲಿ ಮಿಂದ ಮೂವರೂ ಫೋರ್ಟ್ಸ್‌ಹೈಮ್ ಮುಟ್ಟಿದರು. ಮುಟ್ಟಿದೆವು ಎಂದು ಕಾರ್ಲ್‌ಗೆ ಟೆಲಿಗ್ರಾಂ ಹೋಯಿತು. ಕೆಲವು ದಿನ ಬಿಟ್ಟು ಅದೇ ಗಾಡಿಯಲ್ಲಿ ಹಿಂದಿರುಗಿದರು.

ಮನೆಗೆ ಬಂದ ಬರ್ತಾ, ಮಕ್ಕಳು ದಾರಿಯಲ್ಲಿ ಕಂಡ ಕೊರತೆಗಳನ್ನೆಲ್ಲ ಹೇಳಿದರು. ಏರು ಹತ್ತಲು ಇನ್ನೊಂದು ಗೇರ್ ಬೇಕು ಎಂದರು. ಕಾರ್ಲ್ ಅದನ್ನು ಸೇರಿಸಿದರು. ಇಂದು ಪ್ರತಿ ಕಾರು ಕಂಪನಿಯೂ ಹೊಸ ಕಾರನ್ನು ಮಾರುವ ಮೊದಲು ಪರೀಕ್ಷಾ ಚಾಲಕರಿಗೆ ಕೊಟ್ಟು ಓಡಿಸಿ ನೋಡುತ್ತದೆ. ಆ ಕೆಲಸದ ಮೊದಲಿಗರು ಬರ್ತಾ, ಸಹಾಯಕರು ಇಬ್ಬರು ಶಾಲಾ ಹುಡುಗರು. ಅದೇ ವರ್ಷ ಮ್ಯೂನಿಕ್ ವಸ್ತುಪ್ರದರ್ಶನದಲ್ಲಿ ಗಾಡಿಗೆ ಚಿನ್ನದ ಪದಕ ಸಿಕ್ಕಿತು. 1899ರ ಹೊತ್ತಿಗೆ ಬೆಂಜ್ ಕಾರ್ಖಾನೆ ವರ್ಷಕ್ಕೆ 572 ವಾಹನ ತಯಾರಿಸಿ ಜಗತ್ತಿನಲ್ಲೇ ದೊಡ್ಡದೆನಿಸಿತ್ತು. ಬದುಕಿನ ದೋಣಿ ಮುಳುಗುವಂತಿದ್ದ ದಿನಗಳಲ್ಲಿ ತನ್ನೊಡನೆ ನಿಂತವಳು ಹೆಂಡತಿಯೊಬ್ಬಳೇ ಎಂದು ಕಾರ್ಲ್ ಮುಂದೆ ತಮ್ಮ ಆತ್ಮಕತೆಯಲ್ಲಿ ಬರೆದರು.

ತೋಟದ ಮನೆಯಲ್ಲಿ ಖೋಟಾನೋಟು?

ಬೆಂಜ್ ಎಂಬ ಹೆಸರಿನ ಕತೆ ಇದಾಯಿತು. ಹಾಗಾದರೆ ಅದರ ಹಿಂದಿನ ಮರ್ಸಿಡಿಸ್ ಎಲ್ಲಿಂದ ಬಂತು? ಅದಕ್ಕೆ ಜರ್ಮನಿಯ ಇನ್ನೊಂದು ಮೂಲೆಗೆ, ಸ್ಟುಟ್‌ಗಾರ್ಟ್ ಪಕ್ಕದ ಕಾನ್‌ಸ್ಟಾಟ್‌ಗೆ ಹೋಗಬೇಕು. ಅದು ವುರ್ಟೆಂಬರ್ಗ್ ಸೀಮೆ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರತಂದ ಹರ್ಮನ್ ಮೋಗ್ಲಿಂಗ್ ಹುಟ್ಟಿದ ಸೀಮೆಯೂ ಅದೇ.

ಅಲ್ಲಿ ಗಾಟ್ಲೀಬ್ ಡೈಮ್ಲರ್ ಮತ್ತು ವಿಲ್ಹೆಲ್ಮ್ ಮೈಬಾಖ್ ಎಂಬ ಇಬ್ಬರು ಗೆಳೆಯರಿದ್ದರು. ಡೈಮ್ಲರ್ ರೊಟ್ಟಿ ಸುಡುವವರ ಮಗ. ಮೈಬಾಖ್ ಹತ್ತನೇ ವಯಸ್ಸಿಗೆ ತಂದೆ ತಾಯಿಯನ್ನು ಕಳೆದುಕೊಂಡು ಅನಾಥಾಲಯದಲ್ಲಿ ಬೆಳೆದವರು. ಡೈಮ್ಲರ್ ತೋಟದಲ್ಲಿದ್ದ ಗಾಜಿನ ಮನೆಯೊಂದನ್ನು ಇಬ್ಬರೂ ಕಾರ್ಯಾಗಾರ ಮಾಡಿಕೊಂಡರು. ಹಗಲು ರಾತ್ರಿ ಒಳಗಿಂದ ಬಡಿಯುವ, ಕುಟ್ಟುವ ಸದ್ದು. ತೋಟದ ಮಾಲಿಗೆ ಅನುಮಾನ ಬಂತು, ಇವರು ಖೋಟಾ ಹಣ ಅಚ್ಚು ಹಾಕುತ್ತಿದ್ದಾರೆಯೇ? ಪೊಲೀಸರು ಬಂದು ನೋಡಿದರೆ ಸಿಕ್ಕಿದ್ದು ಎಂಜಿನ್ ಭಾಗಗಳು ಮಾತ್ರ!

ಆ ಎಂಜಿನನ್ನು ಅವರು 1885ರಲ್ಲಿ ಮರದ ಎರಡು ಚಕ್ರದ ಗಾಡಿಗೆ ಕೂಡಿಸಿದರು. ಅದು ಇಂದಿನ ಮೋಟಾರ್ ಬೈಕಿನ ಮುತ್ತಜ್ಜ. 1886ರಲ್ಲಿ ನಾಲ್ಕು ಚಕ್ರದ ಸಾರೋಟಿಗೂ ಕೂಡಿಸಿದರು. ವಿಚಿತ್ರವೆಂದರೆ ಬೆಂಜ್ ಮತ್ತು ಡೈಮ್ಲರ್ ಸುಮಾರು ನೂರು ಕಿಲೋಮೀಟರ್ ಅಂತರದಲ್ಲಿ ಒಂದೇ ಕಾಲದಲ್ಲಿ ಒಂದೇ ಕನಸು ಕಾಣುತ್ತಿದ್ದರೂ ಒಟ್ಟಿಗೆ ಕೆಲಸ ಮಾಡಲೇ ಇಲ್ಲ. ಡೈಮ್ಲರ್ 1900ರ ಮಾರ್ಚ್‌ನಲ್ಲಿ ತೀರಿಕೊಂಡರು.

ಹತ್ತು ವರ್ಷದ ಹುಡುಗಿಯ ಹೆಸರು

ಡೈಮ್ಲರ್ ಕಂಪನಿಯ ಕಾರುಗಳನ್ನು ಕೊಂಡು ಫ್ರಾನ್ಸಿನ ಸಮುದ್ರತೀರದ ನೀಸ್ ನಗರದ ಸಿರಿವಂತರಿಗೆ ಮಾರುತ್ತಿದ್ದವರು ಎಮಿಲ್ ಯೆಲಿನೆಕ್ ಎಂಬ ಆಸ್ಟ್ರಿಯಾದ ವ್ಯಾಪಾರಿ. ಅವರಿಗೊಬ್ಬಳು ಮುದ್ದಿನ ಮಗಳು, 1889ರಲ್ಲಿ ಹುಟ್ಟಿದವಳು. ಹೆಸರು ಮರ್ಸಿಡಿಸ್. ಸ್ಪ್ಯಾನಿಷ್ ಭಾಷೆಯ ಈ ಹೆಸರಿಗೆ ಕರುಣೆ ಎಂಬ ಅರ್ಥವಿದೆ. ನಮ್ಮಲ್ಲಿ ಹುಡುಗಿಗೆ ಕರುಣಾ ಎಂದು ಹೆಸರಿಟ್ಟ ಹಾಗೆ. ಮಗಳ ಹೆಸರು ಅದೃಷ್ಟ ತರುತ್ತದೆ ಎಂಬುದು ಅಪ್ಪನ ನಂಬಿಕೆ. ಕಾರು ಪಂದ್ಯಗಳಲ್ಲಿ ಆತ ತನ್ನ ಹೆಸರನ್ನೇ ಶ್ರೀಮಾನ್ ಮರ್ಸಿಡಿಸ್ ಎಂದು ಬರೆಸುತ್ತಿದ್ದರು.

1900ರ ಮಾರ್ಚ್‌ನಲ್ಲಿ ನೀಸ್ ಹತ್ತಿರದ ಬೆಟ್ಟ ಹತ್ತುವ ಪಂದ್ಯದಲ್ಲಿ ಡೈಮ್ಲರ್ ಕಾರೊಂದು ತಿರುವಿನಲ್ಲಿ ಅಪಘಾತಕ್ಕೀಡಾಯಿತು. ಚಾಲಕ ವಿಲ್ಹೆಲ್ಮ್ ಬವರ್ ಪ್ರಾಣ ಕಳೆದುಕೊಂಡರು. ಆ ಕಾಲದ ಕಾರುಗಳು ಕುದುರೆಗಾಡಿಯ ಹಾಗೆಯೇ ಎತ್ತರ, ಗಿಡ್ಡ. ಕುದುರೆಯ ವೇಗಕ್ಕೆ ಅದು ಸರಿ, ಎಂಜಿನ್ ವೇಗಕ್ಕೆ ಪ್ರಾಣಾಂತಿಕ. ಯೆಲಿನೆಕ್ ಹಟ ಹಿಡಿದರು: ಕಾರು ಉದ್ದ ಇರಬೇಕು, ಅಗಲ ಇರಬೇಕು, ನೆಲಕ್ಕೆ ಹತ್ತಿರ ಇರಬೇಕು. ಮಾಡಿಕೊಟ್ಟರೆ 36 ಕಾರು ಕೊಳ್ಳುತ್ತೇನೆ, ಆದರೆ ಅದಕ್ಕೆ ನನ್ನ ಮಗಳ ಹೆಸರಿಡಬೇಕು!

ಮೈಬಾಖ್ ಹೊಸ ಕಾರನ್ನು ರೂಪಿಸಿದರು. 35 ಅಶ್ವಶಕ್ತಿಯ ಆ ಕಾರಿನಲ್ಲಿ ಇನ್ನೊಂದು ಸೊಗಸಾದ ವಸ್ತುವಿತ್ತು, ಜೇನುಗೂಡಿನಂಥ ರೇಡಿಯೇಟರ್. ಎಂಟು ಸಾವಿರಕ್ಕೂ ಹೆಚ್ಚು ಸಣ್ಣ ಕೊಳವೆಗಳನ್ನು ಒತ್ತಾಗಿ ಜೋಡಿಸಿ, ಅವುಗಳ ಮೂಲಕ ಗಾಳಿ ಹಾಯುವಂತೆ ಮಾಡಿದ್ದರು. ಗಾಳಿ ತಾಗಿ ನೀರು ಬೇಗ ತಣ್ಣಗಾಗುತ್ತಿತ್ತು. ಬಾವಿ ಬಾವಿಗೂ ನಿಂತು ನೀರು ತುಂಬಿಸಿದ ಬರ್ತಾ ಅವರ ಕಷ್ಟಕ್ಕೆ ಹನ್ನೆರಡು ವರ್ಷಗಳ ನಂತರ ಸಿಕ್ಕ ಉತ್ತರವಿದು. 1901ರ ಮಾರ್ಚ್‌ನಲ್ಲಿ ನೀಸ್ ಪಂದ್ಯಗಳಲ್ಲಿ ಈ ಕಾರು ಉಳಿದವರನ್ನೆಲ್ಲ ಹಿಂದೆ ಹಾಕಿತು. 1902ರಲ್ಲಿ ಮರ್ಸಿಡಿಸ್ ಎಂಬ ಹೆಸರು ಕಂಪನಿಯ ಅಧಿಕೃತ ಮುದ್ರೆಯಾಯಿತು. ಮರುವರ್ಷ ಅಪ್ಪ ತನ್ನ ಹೆಸರನ್ನೇ ಯೆಲಿನೆಕ್ ಮರ್ಸಿಡಿಸ್ ಎಂದು ಬದಲಿಸಿಕೊಂಡರು. ಮಕ್ಕಳಿಗೆ ಅಪ್ಪನ ಹೆಸರು ಸೇರುವುದು ರೂಢಿ. ಇಲ್ಲಿ ಅಪ್ಪನಿಗೇ ಮಗಳ ಹೆಸರು ಸೇರಿತು!

ನಕ್ಷತ್ರದ ಕತೆಯೂ ಮನೆಯದೇ. ಡೈಮ್ಲರ್ ಹಿಂದೊಮ್ಮೆ ಕೆಲಸದ ಮೇಲೆ ಕಲೋನ್ ಬಳಿಯ ಡಾಯ್ಟ್ಸ್ ಊರಿನಲ್ಲಿದ್ದಾಗ, ಊರಿನ ಚಿತ್ರವಿದ್ದ ಕಾರ್ಡಿನ ಮೇಲೆ ತಾವಿದ್ದ ಮನೆಗೆ ನಕ್ಷತ್ರದ ಗುರುತು ಹಾಕಿ ಹೆಂಡತಿಗೆ ಕಳಿಸಿದ್ದರು. ಮಕ್ಕಳು ಅದನ್ನು ಮರೆಯಲಿಲ್ಲ. 1909ರಲ್ಲಿ ಆ ನಕ್ಷತ್ರವೇ ಕಂಪನಿಯ ಗುರುತಾಯಿತು. ಮೂರು ಕವಲು ಎಂದರೆ ನೆಲ, ನೀರು, ಗಾಳಿ. ಮೂರರಲ್ಲೂ ತಮ್ಮ ಎಂಜಿನ್ ಓಡಬೇಕೆಂಬ ಆಸೆ. ಮೊದಲ ಮಹಾಯುದ್ಧದ ನಂತರ ಜರ್ಮನಿಯಲ್ಲಿ ಹಣಕ್ಕೆ ಬೆಲೆಯಿಲ್ಲದಂತಾದಾಗ, ಎದುರಾಳಿಗಳಾಗಿದ್ದ ಎರಡು ಕಂಪನಿಗಳೂ 1926ರಲ್ಲಿ ಕೈ ಜೋಡಿಸಿದವು. ಮರ್ಸಿಡಿಸ್ ಮತ್ತು ಬೆಂಜ್ ಒಂದೇ ಹೆಸರಾದದ್ದು ಆಗ.

ಮರೆಯಬಾರದ ಪುಟ

ಈ ಕತೆಯಲ್ಲಿ ಕಪ್ಪು ಪುಟವೂ ಇದೆ. ಅದನ್ನು ಹಾರಿಸಿ ಓದಬಾರದು. ಹಿಟ್ಲರನ ಕಾಲದಲ್ಲಿ ಈ ಕಂಪನಿ ಯುದ್ಧಕ್ಕೆ ಬೇಕಾದ ಲಾರಿಗಳನ್ನೂ ವಿಮಾನದ ಎಂಜಿನ್‌ಗಳನ್ನೂ ತಯಾರಿಸಿತು. 1944ರಲ್ಲಿ ಅಲ್ಲಿ ದುಡಿಯುತ್ತಿದ್ದ 60 ಸಾವಿರಕ್ಕೂ ಹೆಚ್ಚು ಜನರಲ್ಲಿ ಸುಮಾರು ಅರ್ಧದಷ್ಟು ಮಂದಿ ತಾವಾಗಿ ಬಂದವರಲ್ಲ. ಬೇರೆ ದೇಶಗಳಿಂದ ಬಲವಂತವಾಗಿ ಎಳೆದು ತಂದವರು, ಯುದ್ಧಕೈದಿಗಳು, ಹಿಟ್ಲರನ ಸೆರೆಶಿಬಿರಗಳಲ್ಲಿದ್ದವರು. ಹೊಟ್ಟೆಗೆ ಸರಿಯಾಗಿ ಇಲ್ಲದೆ, ಬಾಂಬಿನ ಮಳೆಯ ಕೆಳಗೆ ಅವರು ದುಡಿದರು. ಕಂಪನಿ ತನ್ನ ಈ ಇತಿಹಾಸವನ್ನು ಇತಿಹಾಸಕಾರರಿಗೆ ತೆರೆದಿಟ್ಟು ಬರೆಸಿ ಪ್ರಕಟಿಸಿದ್ದು 1980ರ ದಶಕದ ನಂತರ. 1988ರಲ್ಲಿ ಎರಡು ಕೋಟಿ ಮಾರ್ಕ್ ಪರಿಹಾರ ಕೊಟ್ಟಿತು. ಕಳೆದ ಬದುಕನ್ನು ಯಾವ ಪರಿಹಾರವೂ ತುಂಬಿಕೊಡದು. ಜಾಣ ಎಂಜಿನಿಯರುಗಳಿದ್ದ ಮಾತ್ರಕ್ಕೆ ಒಂದು ಸಂಸ್ಥೆ ಒಳ್ಳೆಯದಾಗುವುದಿಲ್ಲ. ಆ ಜಾಣತನ ಯಾರ ಕೈಯಲ್ಲಿದೆ ಎಂಬುದೂ ಮುಖ್ಯ ಎಂಬುದನ್ನು ಮಕ್ಕಳು ತಿಳಿದಿರಬೇಕು.

ನಮ್ಮ ಸಂತೆಗೆ ಬಂದ ನಕ್ಷತ್ರ

ಯುದ್ಧ ಮುಗಿದ ಮೇಲೆ ಈ ನಕ್ಷತ್ರ ನಮ್ಮ ದೇಶಕ್ಕೆ ಬಂತು, ಆದರೆ ಸಿರಿವಂತರ ಕಾರಿನ ಮೇಲಲ್ಲ. ಜಮ್‌ಶೆಡ್‌ಪುರದಲ್ಲಿ ಉಗಿ ಎಂಜಿನ್ ತಯಾರಿಸುತ್ತಿದ್ದ ಟಾಟಾ ಕಂಪನಿ 1954ರಲ್ಲಿ ಜರ್ಮನಿಯ ಈ ಕಂಪನಿಯೊಂದಿಗೆ ಹದಿನೈದು ವರ್ಷದ ಒಪ್ಪಂದ ಮಾಡಿಕೊಂಡು ಲಾರಿ ತಯಾರಿಸತೊಡಗಿತು. ಹೆಸರು ಟಾಟಾ ಮರ್ಸಿಡಿಸ್ ಬೆಂಜ್. ನಾನು ಚಿಕ್ಕವನಿದ್ದಾಗ ಸಂತೆಯ ದಿನ ಮೆಣಸಿನಕಾಯಿ ಮೂಟೆ, ತೆಂಗಿನಕಾಯಿ ಹೊತ್ತು ಬರುತ್ತಿದ್ದ ದುಂಡು ಮೂತಿಯ ಲಾರಿಗಳ ಎದುರು ದೊಡ್ಡ ನಕ್ಷತ್ರವಿರುತ್ತಿತ್ತು. ನಮಗೆ ಅದು ಬೆಂಜ್ ಲಾರಿ. ಅದು ಸಿರಿವಂತರ ಗುರುತು ಎಂಬ ಸುದ್ದಿಯೇ ನಮಗಿರಲಿಲ್ಲ. ನಕ್ಷತ್ರವೆಂದರೆ ಮಳೆಗಾಲದ ಕೆಸರಿನಲ್ಲೂ ಸಿಕ್ಕಿಹಾಕಿಕೊಳ್ಳದೆ ಊರು ಮುಟ್ಟುವ ಗಾಡಿ, ಅಷ್ಟೆ. 1969ರಲ್ಲಿ ಒಪ್ಪಂದ ಮುಗಿದ ಮೇಲೆ ನಕ್ಷತ್ರದ ಜಾಗಕ್ಕೆ ಟಾಟಾ ಕಂಪನಿಯ ಸ್ವಂತ ಗುರುತು ಬಂತು.

ಈ ಕಾರುಗಳ ಬಾಳಿಕೆಗೂ ಒಂದು ಒಳ್ಳೆಯ ಉದಾಹರಣೆಯಿದೆ. ಗ್ರೀಸ್ ದೇಶದ ಟ್ಯಾಕ್ಸಿ ಚಾಲಕರೊಬ್ಬರು 1976ರ ಮರ್ಸಿಡಿಸ್ ಡೀಸೆಲ್ ಕಾರೊಂದನ್ನು 46 ಲಕ್ಷ ಕಿಲೋಮೀಟರ್ ಓಡಿಸಿದರು. ಎಂಜಿನ್ ಹಲವು ಸಲ ಬದಲಾಗಿತ್ತು, ಕಾರು ಮಾತ್ರ ಅದೇ. ಭೂಮಿಯ ಸುತ್ತಳತೆ ಸುಮಾರು 40 ಸಾವಿರ ಕಿಲೋಮೀಟರ್. ಹಾಗಾದರೆ ಆ ಟ್ಯಾಕ್ಸಿ ಭೂಮಿಯನ್ನು ಎಷ್ಟು ಸಲ ಸುತ್ತಿದಂತಾಯಿತು? ಮಕ್ಕಳು ಲೆಕ್ಕ ಮಾಡಲಿ. 2004ರಲ್ಲಿ ಅವರು ಅದನ್ನು ಕಂಪನಿಯ ವಸ್ತುಸಂಗ್ರಹಾಲಯಕ್ಕೆ ಕೊಟ್ಟರು.

ಸೊಗಸಿನ ಕಾರುಗಳೂ ಇಲ್ಲದಿಲ್ಲ. 1954ರಲ್ಲಿ ಬಂದ 300 ಎಸ್‌ಎಲ್ ಕಾರಿನ ಬಾಗಿಲುಗಳು ಹಕ್ಕಿಯ ರೆಕ್ಕೆಯಂತೆ ಮೇಲಕ್ಕೆ ತೆರೆಯುತ್ತಿದ್ದವು. ಅದು ಬರೀ ಅಲಂಕಾರಕ್ಕಲ್ಲ. ಕಾರು ಹಗುರಾಗಲೆಂದು ಸಪೂರ ಕೊಳವೆಗಳ ಹಂದರ ಕಟ್ಟಿದ್ದರು. ಆ ಹಂದರ ಎರಡೂ ಬದಿಗೆ ಎತ್ತರವಾಗಿ ಬಂದು, ಮಾಮೂಲಿ ಬಾಗಿಲಿಗೆ ಜಾಗವೇ ಉಳಿಯಲಿಲ್ಲ. ಹೀಗಾಗಿ ಬಾಗಿಲು ಮೇಲಕ್ಕೆ ಹೋಯಿತು.

ನಜ್ಜುಗುಜ್ಜಾಗಬೇಕಾದ ಕಾರು

ನನ್ನ ಮಟ್ಟಿಗೆ ಈ ಕಂಪನಿಯ ದೊಡ್ಡ ಕೆಲಸ ಯಾರ ಕಣ್ಣಿಗೂ ಬೀಳದಂಥದ್ದು. ಬೇಲಾ ಬರೇನಿ ಎಂಬ ಎಂಜಿನಿಯರ್ ಅಲ್ಲಿದ್ದರು. ಆ ಕಾಲದಲ್ಲಿ ಎಲ್ಲರೂ ನಂಬಿದ್ದು, ಕಾರು ಕಬ್ಬಿಣದ ತಿಜೋರಿಯಂತೆ ಗಟ್ಟಿಯಾಗಿದ್ದಷ್ಟೂ ಒಳಗಿರುವವರು ಕ್ಷೇಮ ಎಂದು. ಬರೇನಿ ಅದು ತಪ್ಪು ಎಂದರು.

ಕ್ರಿಕೆಟ್ ಆಡುವ ಮಕ್ಕಳಿಗೆ ಇದು ಬೇಗ ತಿಳಿಯುತ್ತದೆ. ಜೋರಾಗಿ ಬರುವ ಚೆಂಡನ್ನು ಹಿಡಿಯುವಾಗ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತೀರಿ ಅಲ್ಲವೆ? ಕೈ ಅಲುಗಿಸದೆ ಹಿಡಿದರೆ ಅಂಗೈ ಉರಿಯುತ್ತದೆ. ಚೆಂಡು ನಿಲ್ಲಲು ಸ್ವಲ್ಪ ಹೆಚ್ಚು ಸಮಯ ಸಿಕ್ಕರೆ ಪೆಟ್ಟು ಕಡಿಮೆ. ಕಾರಿಗೂ ಇದೇ ನಿಯಮ. ಡಿಕ್ಕಿಯಾದಾಗ ಕಾರಿನ ಮುಂಭಾಗ, ಹಿಂಭಾಗ ತಾವು ನಜ್ಜುಗುಜ್ಜಾಗುತ್ತ ಪೆಟ್ಟನ್ನು ನುಂಗಬೇಕು. ಜನ ಕೂರುವ ನಡುಭಾಗ ಮಾತ್ರ ಗಟ್ಟಿಯಾಗಿ ಉಳಿಯಬೇಕು. ಮಾವಿನ ಹಣ್ಣು ಬಿದ್ದರೆ ತಿರುಳು ಜಜ್ಜಿಹೋದರೂ ಒಳಗಿನ ಗೊರಟೆ ಹಾಗೆಯೇ ಇರುತ್ತದಲ್ಲ, ಹಾಗೆ.

ಬರೇನಿ 1951ರಲ್ಲಿ ಇದಕ್ಕೆ ಪೇಟೆಂಟ್ ಅರ್ಜಿ ಹಾಕಿದರು. 1959ರಲ್ಲಿ ಈ ಲೆಕ್ಕಾಚಾರದ ಮೇಲೆ ಕಟ್ಟಿದ ಕಾರು ಮಾರುಕಟ್ಟೆಗೆ ಬಂತು. ಅದೇ ವರ್ಷ ಕಾರ್ಖಾನೆಯ ಪಕ್ಕದ ಬಯಲಿನಲ್ಲಿ ಕಾರುಗಳನ್ನು ಬೇಕೆಂದೇ ಡಿಕ್ಕಿ ಹೊಡೆಸಿ ಪರೀಕ್ಷಿಸುವುದು ಶುರುವಾಯಿತು. ಕಾರಿಗೆ ಬೇಕಾದಷ್ಟು ವೇಗ ಕೊಡಲು ಮುಂದೆ ಬಿಸಿನೀರಿನ ಆವಿಯ ರಾಕೆಟ್ಟನ್ನೂ ಬಳಸಿದರು! 1978ರಲ್ಲಿ ಬಾಷ್ ಕಂಪನಿಯ ಜೊತೆ ಸೇರಿ ಎಬಿಎಸ್ ಎಂಬ ಬ್ರೇಕ್ ವ್ಯವಸ್ಥೆಯನ್ನು ತಂದರು. ಗಟ್ಟಿಯಾಗಿ ಬ್ರೇಕ್ ಒತ್ತಿದಾಗ ಚಕ್ರ ಪೂರ್ತಿ ಸಿಕ್ಕಿಕೊಂಡರೆ ಕಾರು ಜಾರುತ್ತದೆ, ಸ್ಟೀರಿಂಗ್ ತಿರುಗಿಸಿದರೂ ಕೇಳುವುದಿಲ್ಲ. ಎಬಿಎಸ್ ಒಂದು ಸೆಕೆಂಡಿನಲ್ಲಿ ಹಲವು ಸಲ ಬ್ರೇಕನ್ನು ಬಿಟ್ಟು ಹಿಡಿದು ಚಕ್ರ ಉರುಳುತ್ತಿರುವಂತೆ ನೋಡಿಕೊಳ್ಳುತ್ತದೆ. 1981ರಲ್ಲಿ, ಕಣ್ಣು ಮಿಟುಕಿಸುವುದರೊಳಗೆ ಉಬ್ಬುವ ಏರ್‌ಬ್ಯಾಗ್ ಬಂತು.

ಎಲ್ಲ ಹೆಗ್ಗಳಿಕೆಯೂ ಇವರೊಬ್ಬರದೇ ಅಲ್ಲ. ನಾವಿಂದು ಕಟ್ಟಿಕೊಳ್ಳುವ ಸೀಟ್ ಬೆಲ್ಟನ್ನು 1959ರಲ್ಲಿ ತಂದದ್ದು ಸ್ವೀಡನ್ನಿನ ವೋಲ್ವೊ ಕಂಪನಿಯ ನೀಲ್ಸ್ ಬೋಲಿನ್. ವೋಲ್ವೊ ಆ ಪೇಟೆಂಟನ್ನು ಎಲ್ಲರೂ ಬಳಸಲು ಬಿಟ್ಟುಕೊಟ್ಟಿತು.

ಬೆಂಜ್ ಕೂಡ ಎಡವಿದ್ದುಂಟು. 1997ರಲ್ಲಿ ಎ ಕ್ಲಾಸ್ ಎಂಬ ಸಣ್ಣ ಕಾರನ್ನು ಬಿಡುಗಡೆ ಮಾಡಿತು. ಸ್ವೀಡನ್ನಿನ ಕಾಡುದಾರಿಗಳಲ್ಲಿ ಮೂಸ್ ಎಂಬ ಪ್ರಾಣಿ ತಟ್ಟನೆ ಅಡ್ಡ ಬರುತ್ತದೆ. ಅದು ನಮ್ಮ ಕಡವೆಯ ದೊಡ್ಡಣ್ಣ. ಅದನ್ನು ತಪ್ಪಿಸಲು ಕಾರನ್ನು ಸರಕ್ಕನೆ ಒಂದು ಬದಿಗೆ ತಿರುಗಿಸಿ ಮತ್ತೆ ದಾರಿಗೆ ತರಬೇಕು. ಅಲ್ಲಿನ ಪತ್ರಕರ್ತರೊಬ್ಬರು ಎ ಕ್ಲಾಸ್ ಕಾರಿನಲ್ಲಿ ಹೀಗೆ ಮಾಡಿ ನೋಡಿದಾಗ ಅದು ಪಲ್ಟಿಯಾಯಿತು! ಕಂಪನಿ ಮೊದಲು ಸಮಜಾಯಿಷಿ ಹೇಳಿತು. ಆಮೇಲೆ ತಪ್ಪೊಪ್ಪಿಕೊಂಡು ಮಾರಾಟ ನಿಲ್ಲಿಸಿ, ಕಾರನ್ನು ತಿದ್ದಿತು. ಜಾರುವ ಕಾರಿನ ಚಕ್ರಗಳಿಗೆ ಬೇಕಾದಷ್ಟೇ ಬ್ರೇಕ್ ಹಾಕಿ ಅದನ್ನು ದಾರಿಗೆ ತರುವ ಇಎಸ್‌ಪಿ ಎಂಬ ವ್ಯವಸ್ಥೆ ಆಗ ದೊಡ್ಡ ದುಬಾರಿ ಕಾರುಗಳಿಗಷ್ಟೇ ಇತ್ತು. ಅದನ್ನು ಈ ಸಣ್ಣ ಕಾರಿಗೂ ಹಾಕಿಕೊಟ್ಟಿತು. ರಸ್ತೆಯಲ್ಲಿ ಓಡಿಸಿ ತಪ್ಪು ತೋರಿಸಿದವರ ಮಾತು ಕೇಳಬೇಕು ಎಂಬ ಬರ್ತಾ ಕಾಲದ ಪಾಠವನ್ನು ನೂರು ವರ್ಷಗಳ ಮೇಲೆ ಇನ್ನೊಮ್ಮೆ ಕಲಿಯಬೇಕಾಯಿತು.

ಬೆಂಗಳೂರಿನಿಂದ ಬ್ರೇಕಿನವರೆಗೆ

ಈ ಕಂಪನಿಯ ಸಂಶೋಧನಾ ಕೇಂದ್ರವೊಂದು 1996ರಿಂದ ಬೆಂಗಳೂರಿನಲ್ಲಿದೆ. ಜರ್ಮನಿಯ ಹೊರಗೆ ಅವರಿಗಿರುವ ಅತಿ ದೊಡ್ಡ ಸಂಶೋಧನಾ ಕೇಂದ್ರ ಅದೇ. ಕಾರನ್ನು ಕಟ್ಟುವ ಮೊದಲೇ ಕಂಪ್ಯೂಟರಿನೊಳಗೆ ಅದನ್ನು ಓಡಿಸಿ, ಡಿಕ್ಕಿ ಹೊಡೆಸಿ, ಎಲ್ಲಿ ಬಾಗುತ್ತದೆ ಎಂದು ನೋಡುವ ಕೆಲಸ ಅಲ್ಲೂ ನಡೆಯುತ್ತದೆ. ಆ ಕೆಲಸ ಮಾಡುವವರಲ್ಲಿ ನಮ್ಮೂರಿನ ಶಾಲೆಗಳಲ್ಲಿ ಓದಿದ ಹುಡುಗ ಹುಡುಗಿಯರೂ ಇದ್ದಾರೆ. ಇನ್ನೊಂದು ಸಮಾಧಾನವೆಂದರೆ, ಒಂದು ಕಾಲಕ್ಕೆ ದುಬಾರಿ ಕಾರಿನಲ್ಲಿ ಮಾತ್ರ ಇದ್ದ ಎಬಿಎಸ್ 2019ರಿಂದ ಭಾರತದಲ್ಲಿ ಮಾರುವ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯ. ಬೆಂಜ್ ಕೊಳ್ಳಲಾಗದ ಮನೆಯ ಮಕ್ಕಳನ್ನೂ ಅದು ಕಾಯುತ್ತದೆ.

ಬರ್ತಾ ಬೆಂಜ್ 1944ರ ಮೇ ತಿಂಗಳಲ್ಲಿ, 95ನೇ ಹುಟ್ಟುಹಬ್ಬದ ಎರಡು ದಿನಗಳ ಮೇಲೆ ತೀರಿಕೊಂಡರು. ಹೆಣ್ಣೆಂದು ಕಾಲೇಜಿನ ಮೆಟ್ಟಿಲು ಹತ್ತಲಾಗದ ಅವರಿಗೆ, ಪತಿ ಓದಿದ ಕಾರ್ಲ್ಸ್‌ರೂಹೆಯ ತಾಂತ್ರಿಕ ವಿದ್ಯಾಲಯ ಆ ಹುಟ್ಟುಹಬ್ಬದ ದಿನವೇ ಗೌರವ ಸೆನೆಟರ್ ಎಂಬ ಬಿರುದು ಕೊಟ್ಟಿತ್ತು. ಅವರು ಹೋದ ದಾರಿಗೆ 2008ರಿಂದ ಬರ್ತಾ ಬೆಂಜ್ ಸ್ಮಾರಕ ಮಾರ್ಗ ಎಂಬ ಹೆಸರಿದೆ. ದಾರಿಯುದ್ದಕ್ಕೂ ಫಲಕಗಳಿವೆ. ಅವರು ಹೊರಟ ದಿನ ಅಲ್ಲಿ ಒಂದೂ ಇರಲಿಲ್ಲ.

ಮಕ್ಕಳೇ, ನಿಮ್ಮ ಅಜ್ಜನನ್ನೋ ಅಜ್ಜಿಯನ್ನೋ ಇಂದು ಕೇಳಿ: ನಕ್ಷತ್ರದ ಬೆಂಜ್ ಲಾರಿ ನೋಡಿದ್ದು ನೆನಪಿದೆಯೇ? ಹಾಗೆಯೇ ಇನ್ನೊಂದು ಕೆಲಸ ಮಾಡಿ. ನಿಮ್ಮ ಸೈಕಲ್ಲಿನ ಬ್ರೇಕ್ ರಬ್ಬರನ್ನು ಒಮ್ಮೆ ಬಗ್ಗಿ ನೋಡಿ. ಬೌಷ್ಲೋಟಿನ ಚಮ್ಮಾರ ಅಂದು ಹೊಡೆದುಕೊಟ್ಟ ಚರ್ಮದ ಪಟ್ಟಿ ಮಾಡಿದ ಕೆಲಸವನ್ನೇ ಅದೂ ಮಾಡುತ್ತಿದೆ. ಸವೆದಿದ್ದರೆ ನಾಳೆ ಶಾಲೆಗೆ ಹೋಗುವ ಮೊದಲು ಬದಲಾಯಿಸಿಕೊಳ್ಳಿ.